ಚುಕ್ಕೆಯಿಲ್ಲದ ಎಲೆ

ಸೊಪ್ಪಿನ ಬುಟ್ಟಿಯನ್ನು ತೊಳೆಯಲೆಂದು ಬೋರಲು ಹಾಕಿದಾಗ ತಳದಲ್ಲಿ ಒಂದು ಎಲೆ ಅಂಟಿಕೊಂಡಿತ್ತು. ಮ್ಯೊರೆನ್ ಅದನ್ನು ಉಗುರಿನಿಂದ ಕಿತ್ತಳು. ಎಸೆಯಲು ಕೈಯೆತ್ತಿದವಳು ಹಾಗೇ ನಿಂತಳು. ಎಲೆಯ ಸೀಳುಗಳ ಬುಡದಲ್ಲಿ ಬಿಳಿ ಚುಕ್ಕೆ ಇರಬೇಕಿತ್ತು. ಇರಲಿಲ್ಲ.

ಅಷ್ಟು ಹೊತ್ತಿಗೆ ಸಾರು ಊಟದ ಪಡಸಾಲೆ ಸೇರಿಯಾಗಿತ್ತು.

ಉತ್ತರದ ಆ ಬೆಟ್ಟಗಳಲ್ಲಿ ಹಿಮ ಕರಗಿದ ಮೇಲೆ ಮೊದಲು ತಲೆಯೆತ್ತುವುದು ಜೋಡಿಹೂವಿನ ಸೊಪ್ಪು. ಚಳಿಗಾಲವೆಲ್ಲ ಉಪ್ಪು ಹಾಕಿದ ಮೂಲಂಗಿ ತಿಂದು ನಾಲಿಗೆ ಕೆಟ್ಟವರಿಗೆ ಅದು ಅಮೃತವೇ ಸರಿ. ಆದರೆ ಅದರ ಮಗ್ಗುಲಲ್ಲೇ, ಅದೇ ತೊರೆಯ ದಂಡೆಯಲ್ಲಿ, ಬೇರಿಗೆ ಬೇರು ಹೆಣೆದುಕೊಂಡು ವತ್ಸನಾಭಿಯೂ ಏಳುತ್ತದೆ. ಎಳೆಯದಿರುವಾಗ ಎರಡೂ ಅವಳಿ ಮಕ್ಕಳ ಹಾಗೆ; ಜೋಡಿಹೂವಿನ ಎಲೆಗೆ ಕಂಡೂ ಕಾಣದಂಥ ಬಿಳಿ ಚುಕ್ಕೆ, ಅಷ್ಟೇ ವ್ಯತ್ಯಾಸ. ಒಂದು ಹೊಟ್ಟೆಗೆ ಹಿತ, ಇನ್ನೊಂದು ಎದೆಬಡಿತ ನಿಲ್ಲಿಸುವ ವಿಷ. ಅದಕ್ಕೇ ಬೆಟ್ಟದವರದು ಒಂದೇ ಕಟ್ಟಳೆ: ಬಿಳಿ ಹೂ ಬಿಡುವ ತನಕ ಕಾಯಬೇಕು, ಹೂವಿರುವ ದಂಟನ್ನು ಮಾತ್ರ ಕೀಳಬೇಕು. ಅಲ್ಲಿ ಇದು ಹಾಲುಹಲ್ಲಿನ ಮಕ್ಕಳಿಗೂ ಗೊತ್ತು.

ಮ್ಯೊರೆನ್‌ಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆದರೆ ಅವಳ ಜೊತೆ ಗಿಡಗಳು ಮಾತಾಡುತ್ತಿದ್ದವಲ್ಲ! ಹೂವಿಗೆ ಕಾದು ಕೂರುವ ದರ್ದು ಅವಳಿಗೇನಿತ್ತು?

ಸನ್ಯಾಸಿನಿಯರ ಆ ಪುಟ್ಟ ಝೆನ್ ಮಠದಲ್ಲಿ ಅಡುಗೆಯ ಹೊಣೆ ಅವಳದು. ಎಲೆ ಕೀಳುವ ಮೊದಲು ಗಿಡದ ಮುಂದೆ ಮೊಣಕಾಲೂರಿ ಕೂತು ಅಪ್ಪಣೆ ಕೇಳುತ್ತಿದ್ದಳು. ಕೂತು ಕೂತು ಗಿಡ ಉತ್ತರ ಕೊಡುವಂತೆ ಅನಿಸತೊಡಗಿತು. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಒಮ್ಮೆ ಕೆಳಗಿನ ಹಳ್ಳಿಯ ಕಿಸಾ ಅಜ್ಜಿಯ ಪರ್ಸಿಮನ್ ಹಣ್ಣಿನ ಮರ ಒಣಗುತ್ತಿದ್ದಾಗ, ಕಾಂಡದ ಮೇಲೆ ಅಂಗೈಯಿಟ್ಟು, ಬೇರಿನಲ್ಲಿ ನೀರು ನಿಂತಿದೆಯಂತೆ ಎಂದಳು. ಅಗೆದು ನೋಡಿದರೆ ನಿಜ. ತಗೊಳ್ಳಿ, ಅಂದಿನಿಂದ ಊರವರು ಬಾಡಿದ ಗಿಡಗಳನ್ನು ಹೊತ್ತುಕೊಂಡು ಮಠದ ಮೆಟ್ಟಿಲು ಹತ್ತತೊಡಗಿದರು. ಅವಳೂ ಕಣ್ಣು ಅರೆಮುಚ್ಚಿ, ದನಿ ತಗ್ಗಿಸಿ, 'ಗಿಡ ಹೀಗಂತು' ಎನ್ನುವುದನ್ನು ರೂಢಿ ಮಾಡಿಕೊಂಡಳು. ಮನಸ್ಸಿನಂತೆ ಮಹಾದೇವ ಅನ್ನುತ್ತಾರಲ್ಲ, ಇವಳಿಗೆ ಮನಸ್ಸಿನಂತೆ ಗಿಡ.

ಇದಕ್ಕೆಲ್ಲ ಸೊಪ್ಪು ಹಾಕದವರು ಒಬ್ಬರೇ, ಮಠದ ಹಿರಿಯರಾದ ಗ್ಯೊಕುಶೂ ಅಮ್ಮನವರು. ಇದ್ದಿಲು ಸುಡುವವರ ಮನೆಯಲ್ಲಿ ಹುಟ್ಟಿ ಕಾಡಿನಲ್ಲೇ ಬೆಳೆದವರು. "ಗಿಡ ಮಾತಾಡ್ತೋ, ನಿನ್ನ ಹೊಟ್ಟೆ ಗುರ್ ಅಂತೋ, ಸರಿಯಾಗಿ ಕೇಳಿಸ್ಕೊ" ಎಂದು ಎಲ್ಲರೆದುರೇ ಚುಚ್ಚುತ್ತಿದ್ದರು. ಕಣ್ಣು ಕಂಡದ್ದರಲ್ಲಿ, ಕಿವಿ ಕೇಳಿದ್ದರಲ್ಲಿ ಅರ್ಧಕ್ಕರ್ಧ ಮನಸ್ಸು ನೇಯ್ದದ್ದು, ಅದನ್ನು ಹಿಡಿದುಕೊಳ್ಳಲೂ ಬೇಡ, ಅದಕ್ಕೆ ಹೆದರಲೂ ಬೇಡ ಎಂಬುದು ಅವರ ನಿತ್ಯದ ಬೋಧೆ. ಮ್ಯೊರೆನ್ ತಲೆಬಾಗಿ ಕೇಳಿ, ಒಳಗೊಳಗೇ ಮುದುಕಿಗೆ ಹೊಟ್ಟೆಕಿಚ್ಚು ಎಂದುಕೊಳ್ಳುತ್ತಿದ್ದಳು. ಆದರೂ ಅವರೆಂದರೆ ಅವಳಿಗೆ ಪ್ರಾಣ. ಚಳಿಗಾಲವೆಲ್ಲ ಕೆಮ್ಮಿ ಸೊರಗಿದ ಅಮ್ಮನವರು ಈಚೆಗೆ ತುತ್ತೇ ಮುಟ್ಟುತ್ತಿರಲಿಲ್ಲ. ಎಳೆ ಸೊಪ್ಪಿನ ಸಾರು ಮಾಡಿದರೆ ಎರಡು ಗುಟುಕಾದರೂ ಕುಡಿದಾರು ಎಂಬ ಆಸೆಗೆ ಬಿದ್ದು, ಹೂ ಬಿಡುವ ಮೊದಲೇ ಬೆಳಿಗ್ಗೆ ತೊರೆಗೆ ಓಡಿದ್ದಳು.

ಪಡಸಾಲೆಯಿಂದ ಊಟದ ಮೊದಲಿನ ಮಂತ್ರ ಕೇಳಿಬಂತು. ಅದು ಮುಗಿದ ಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ. ಬಡಿಸಿದ್ದನ್ನು ಬೇಡ ಎನ್ನುವಂತಿಲ್ಲ, ಒಂದಗುಳೂ ಬಿಡುವಂತಿಲ್ಲ, ಬಟ್ಟಲು ತೊಳೆದ ನೀರನ್ನೂ ಕುಡಿಯಬೇಕು. ಆ ಮಠದ ಪದ್ಧತಿಯಲ್ಲಿ ಹಿರಿಯರು ಮೂರು ತುತ್ತು ತೆಗೆದುಕೊಂಡ ಮೇಲೆಯೇ ಉಳಿದವರು ಬಟ್ಟಲೆತ್ತುವುದು.

 ಸೊಪ್ಪನ್ನು ತಿಕ್ಕಿ ತೊಳೆದದ್ದಕ್ಕೆ ಚುಕ್ಕೆ ಅಳಿಸಿರಬಹುದು ಎಂದು ಮ್ಯೊರೆನ್ ಅಂದುಕೊಂಡಳು. ಚುಕ್ಕೆ ತೊಳೆದರೆ ಹೋಗುವಂಥದ್ದಲ್ಲ. ಇದೊಂದೇ ಎಲೆ ತಪ್ಪಿ ಬಂದಿರಬಹುದು, ಸಾರಿಗೆ ಬಿದ್ದಿರಲಿಕ್ಕಿಲ್ಲ ಎಂದುಕೊಂಡಳು.  ಕೊನೆಗೆ ಅಮ್ಮನವರ ಬೋಧೆಯನ್ನೇ ಅಡ್ಡ ಹಿಡಿದಳು. ಇದು ಭ್ರಮೆ, ಹಗ್ಗ ಕಂಡು ಹಾವೆಂದು ಬೆವರುತ್ತಿದ್ದೇನೆ. ಓಡಿಹೋಗಿ ಮೌನ ಮುರಿದು, ಆಮೇಲೆ ಏನೂ ಇಲ್ಲವೆಂದಾದರೆ? ಗಿಡದ ಜೊತೆ ಮಾತಾಡುವವಳಿಗೆ ಸೊಪ್ಪಿನ ಗುರುತೂ ಸಿಗಲಿಲ್ಲವಂತೆ ಎಂದು ಊರೆಲ್ಲ ನಗುವುದಿಲ್ಲವೇ? ನೋಡಿ, ಜೀವ ಹೋಗುವ ಹೊತ್ತಿನಲ್ಲೂ ಮನುಷ್ಯರಿಗೆ ಮಾನದ್ದೇ ಚಿಂತೆ.

ಮಂತ್ರ ಕೊನೆಯ ಸಾಲುಗಳಿಗೆ ಬಂದಿತ್ತು. ಅವಳು ಎಲೆಯನ್ನು ಅಂಗೈಮೇಲಿಟ್ಟು ಮೊಣಕಾಲೂರಿದಳು.

"ಯಾರು ನೀನು? ಹೇಳೇ, ನಿನ್ನ ಕಾಲಿಗೆ ಬೀಳ್ತೀನಿ."

ಉತ್ತರ ಬಂತು. ಒಳ್ಳೆಯವಳು ನಾನು, ಹೆದರಬೇಡ, ಸುಮ್ಮನಿರು ಎಂದಿತು. ಎಷ್ಟು ಮೆತ್ತಗೆ, ಎಷ್ಟು ನಯವಾಗಿ!  ಆ ದನಿ ಮ್ಯೊರೆನ್‌ಳದೇ ಆಗಿತ್ತು. ಬೆಳಿಗ್ಗೆ ತೊರೆಯ ದಂಡೆಯಲ್ಲಿ 'ಕೀಳು' ಎಂದದ್ದೂ ಇದೇ ದನಿ. ಇಷ್ಟು ವರ್ಷ ಮರಗಿಡಗಳಲ್ಲಿ ಕೇಳಿದ್ದೆಲ್ಲ ಇದೇ. ಒಬ್ಬಳೇ ಇರುವ ಮನೆಯಲ್ಲಿ ಯಾರೋ ಉಸಿರಾಡಿದಂತಾಗಿ, ಅದು ತನ್ನದೇ ಉಸಿರೆಂದು ತಿಳಿದಷ್ಟು ಭಯವಾಯಿತು ಅವಳಿಗೆ.

ಎಲೆಯನ್ನು ಬಾಯಿಗೆ ಹಾಕಿ ಅಗಿದು ಉಗುಳಿದಳು. ನಾಲಿಗೆಯ ತುದಿ ಜುಮ್ಮೆಂದಿತು. ತುಟಿ ಮರಗಟ್ಟತೊಡಗಿತು.

ಮಂತ್ರ ನಿಂತಿತು.

ಅವಳು ಓಡಿದಳು. ಪಡಸಾಲೆಯ ಬಾಗಿಲು ಸರಿಸಿದಾಗ ಎಲ್ಲರೂ ನೆಲ ನೋಡುತ್ತ ಕೂತಿದ್ದರು. ಅಮ್ಮನವರ ಕೈಯಲ್ಲಿ ಸಾರಿನ ಬಟ್ಟಲು ಮೂರನೆಯ ಸಲ ತುಟಿಯತ್ತ ಏರುತ್ತಿತ್ತು. 'ಬೇಡ' ಎನ್ನಲು ಹೋದಳು. ತುಟಿ ಕೂಡಲಿಲ್ಲ. ವಿಷಕ್ಕೋ ಭಯಕ್ಕೋ, ಗಂಟಲಿನಿಂದ ಹೊರಟದ್ದು ಕರುವಿನ ಕೂಗಿನಂಥ ಸದ್ದು ಮಾತ್ರ. ಹಾರಿಹೋಗಿ ಗುರುವಿನ ಕೈಗೇ ಹೊಡೆದಳು. ಬಟ್ಟಲು ಉರುಳಿ ಸಾರು ಚಾಪೆಯ ಮೇಲೆಲ್ಲ ಹರಿಯಿತು.

 ಅಮ್ಮನವರು ಚೆಲ್ಲಿದ ಸೊಪ್ಪನ್ನು ನೋಡಿದರು, ಇವಳ ಮುಖ ನೋಡಿದರು. ಉಳಿದವರ ಕಡೆ ತಿರುಗಿ, ಬಟ್ಟಲು ಮುಟ್ಟಬೇಡಿ ಎಂದು ಕೈಸನ್ನೆ ಮಾಡಿದರು. ಆಮೇಲೆ ಮಗ್ಗುಲಿಗೆ ವಾಲಿದರು.

ಕಿಸಾ ಅಜ್ಜಿಯ ಮಗನ ವ್ಯಾನಿನಲ್ಲಿ ಪೇಟೆಯ ಆಸ್ಪತ್ರೆಗೆ ಇಳಿಯುವಾಗ ದಾರಿಯುದ್ದಕ್ಕೂ ಅಮ್ಮನವರು ವಾಂತಿ ಮಾಡಿದರು. ಮ್ಯೊರೆನ್ ಅವರ ಮಣಿಕಟ್ಟು ಹಿಡಿದೇ ಕೂತಿದ್ದಳು. ನಾಡಿ ಓಡುತ್ತಿತ್ತು, ಎಡವುತ್ತಿತ್ತು, ಒಮ್ಮೊಮ್ಮೆ ಸಿಗುತ್ತಲೇ ಇರಲಿಲ್ಲ.  ದಾರಿಯ ಬದಿಗೆ ಮರಗಳಿದ್ದವು. ಅವಳು ಒಮ್ಮೆಯೂ ತಲೆಯೆತ್ತಿ ನೋಡಲಿಲ್ಲ.

ಗಂಡಾಂತರ ಕಳೆಯಿತು ಎಂದು ಡಾಕ್ಟರು ಹೇಳಿದ್ದು ಮರುದಿನ ಬೆಳಿಗ್ಗೆ. ಮ್ಯೊರೆನ್ ಹಾಸಿಗೆಯ ಪಕ್ಕದಲ್ಲಿ ಹಣೆಯನ್ನು ನೆಲಕ್ಕೆ ಮುಟ್ಟಿಸಿ ಕ್ಷಮೆ ಬೇಡಿದಳು. ಅಮ್ಮನವರು ಮೊದಲು ಮೇಲೇಳು ಎಂದರು. ಅವರ ದನಿ ಪಿಸುಮಾತಿನಷ್ಟಿತ್ತು.

"ಮೊದಲನೇ ಗುಟುಕಿಗೇ ನಾಲಿಗೆ ಜುಂ ಅಂತು ಕಣೇ. ಕಾಡಲ್ಲಿ ಬೆಳೆದೋಳು ನಾನು. ಅದೇನು ಅಂತ ನಂಗೆ ಗೊತ್ತಾಗದೆ ಇರುತ್ತಾ?"

"ಮತ್ಯಾಕೆ ಗುರುಗಳೇ ಎರಡನೇದು ಕುಡಿದ್ರಿ?"

"ಸೊಪ್ಪು ಕಿತ್ತೋಳು ಮ್ಯೊರೆನ್. ಅವಳ ಹತ್ರ ಗಿಡ ಮಾತಾಡುತ್ತೆ. ಭ್ರಮೆ ನನ್ನ ನಾಲಿಗೇದೇ ಇರ್ಬೇಕು ಅಂದ್ಕೊಂಡೆ."

 ಊರೆಲ್ಲ ನಂಬಿದಾಗಲೂ ಇವರೊಬ್ಬರು ನಂಬಿಲ್ಲ ಎಂದೇ ಮ್ಯೊರೆನ್ ತಿಳಿದಿದ್ದಳು.

ಅಷ್ಟರಲ್ಲಿ ನರ್ಸು ಬಿಳಿ ಗಂಜಿ ತಂದಿಟ್ಟಳು. ಅಮ್ಮನವರು ಹಸಿವು ಎಂದು ಸನ್ನೆ ಮಾಡಿದರು. ಮ್ಯೊರೆನ್ ಬಟ್ಟಲು ಎತ್ತಿಕೊಂಡು, ಒಂದು ಚಮಚ ತಾನೇ ಬಾಯಿಗಿಟ್ಟು, ನಾಲಿಗೆ ಏನು ಹೇಳುತ್ತದೋ ಎಂದು ಕಾದಳು. ಬರೀ ಅಕ್ಕಿ, ನೀರು. ಆದರೂ ಕೈ ಮುಂದಕ್ಕೆ ಹೋಗಲಿಲ್ಲ. ಇನ್ನೊಂದು ಚಮಚ ಬಾಯಿಗಿಟ್ಟಳು, ಮತ್ತೆ ಕಾದಳು. ಅಮ್ಮನವರು ಕಣ್ಣು ಮುಚ್ಚಿಕೊಂಡು, ಬಾಯಿ ತೆರೆದುಕೊಂಡು, ಅವಳು ತಿನ್ನಿಸುವುದನ್ನೇ ಕಾಯುತ್ತಿದ್ದರು.