ದೀಪ ಹಚ್ಚುವ ಹೊತ್ತಿನ ಪ್ರಶ್ನೆ

ರಾಧಾ ಮಾನ್ವಿಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದಳು. ತಾನು ಡ್ಯೂಟಿಗೆ ಹೋದಾಗ ಕೂಸು ರಂಪ ಮಾಡಬಾರದೆಂದು ತನ್ನದೇ ದನಿಯಲ್ಲಿ ಜೋಗುಳ ಹಾಡಿ ಪೆನ್‌ಡ್ರೈವಿಗೆ ಹಾಕಿಟ್ಟಿದ್ದಳು. ಡೆಂಗಿ ಜ್ವರಕ್ಕೆ ರಾಯಚೂರಿನ ಆಸ್ಪತ್ರೆ ಸೇರಿದವಳು ಮನೆಗೆ ಬರಲಿಲ್ಲ. ಆ ಗದ್ದಲದಲ್ಲಿ ಅವಳ ಫೋನೂ ಕಳೆದುಹೋಯಿತು. ಗಂಡ ಉಮೇಶ ಕೂಸನ್ನೂ ಕಂಪ್ಯೂಟರನ್ನೂ ಮಸರಕಲ್ಲಿಗೆ ತಂದು ಅತ್ತೆ ಹನುಮಂತಮ್ಮನ ಮನೆಯಲ್ಲಿ ಬಿಟ್ಟ. ಮಗಳ ದನಿ ಅಂತ ಉಳಿದದ್ದು ಆ ಪೆನ್‌ಡ್ರೈವಿನ ಒಂದೇ ಹಾಡು.

ಹನುಮಂತಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಳಿಯ ತೋರಿಸಿಕೊಟ್ಟಂತೆ ದಿನಾ ಸಂಜೆ ಗುಂಡಿ ಒತ್ತಿ, ಹಾಡಿನ ಚಿತ್ರದ ಮೇಲೆ ಬಾಣ ಇಟ್ಟು ಟಕ್ ಟಕ್ ಅನ್ನಿಸುತ್ತಿದ್ದಳು. ತಾಯಿಯ ದನಿ ಕೇಳುತ್ತಲೇ ಕೂಸು ನಿದ್ದೆಗೆ ಜಾರುತ್ತಿತ್ತು. ರಾಧಾ ಹಿಂದೊಮ್ಮೆ ಅವಳಿಗೆ ಇಂಗ್ಲಿಷಿನ ಎರಡು ಮಾತು ಗುರುತಿಸಲು ಕಲಿಸಿದ್ದಳು: ಯೆಸ್ ಅಂದರೆ ಹೌದು, ನೋ ಅಂದರೆ ಇಲ್ಲ.

ಆವತ್ತು ದೇವರ ಮುಂದೆ ದೀಪ ಹಚ್ಚಿ ಬಂದು ಕೂತು, ಹಾಡಿನ ಚಿತ್ರದ ಮೇಲೆ ಬಾಣ ಇಟ್ಟು ಒಂದು ಸಲ ಟಕ್ ಅನ್ನಿಸಿದ್ದಳು ಅಷ್ಟೆ. ತೊಡೆಯ ಮೇಲಿದ್ದ ಕೂಸು ಖುಷಿಗೆ ಕೀಲಿಗಳ ಮೇಲೆ ಪಟಪಟ ಬಡಿಯಿತು. ಪರದೆಯ ನಡುವೆ ಒಂದು ಚೌಕ ಎದ್ದು ನಿಂತಿತು. ಮೇಲೆ ಉದ್ದಕ್ಕೆ ಇಂಗ್ಲಿಷು, ಕೆಳಗೆ ಯೆಸ್, ನೋ. ಇಂಥ ಮನೆಗಳಲ್ಲಿ ಇಂಥ ಹೆಂಗಸರೂ ಇದರ ಮುಂದೆ ಕೂರುತ್ತಾರೆಂದು ಅದನ್ನು ಮಾಡಿದ ಪುಣ್ಯಾತ್ಮರಿಗೆ ಹೊಳೆದೇ ಇರಲಿಲ್ಲವೇನೋ! ಹಾಡು ಬೇಕೇ ಅಂತ ಕೇಳುತ್ತಿರಬೇಕು ಎಂದುಕೊಂಡಳು ಹನುಮಂತಮ್ಮ. ಅದೂ ಅಲ್ಲದೆ ದೀಪ ಹಚ್ಚಿದ ಹೊತ್ತು. ಆ ಹೊತ್ತಿನಲ್ಲಿ ಪಕ್ಕದವರು ಎಣ್ಣೆ ಕೇಳಿ ಬಂದರೆ, ಡಬ್ಬಿ ಖಾಲಿ ಇದ್ದರೂ ‘ತರಬೇಕವ್ವಾ’ ಅನ್ನುತ್ತಾರೆಯೇ ಹೊರತು ಆ ಮನೆಯಲ್ಲಿ ಯಾರೂ ‘ಇಲ್ಲ’ ಎಂಬ ಕೇಡಿನ ಮಾತು ಆಡಿದವರಲ್ಲ.

ಅವಳು ಯೆಸ್ ಒತ್ತಿದಳು. ಚೌಕ ಹೋಯಿತು. ಹಾಡಿನ ಚಿತ್ರವೂ ಹೋಯಿತು.

ಅಳಿಯನಿಗೆ ಯಾವ ಬಾಯಿಂದ ಹೇಳುವುದು? ಹೇಳಲಿಲ್ಲ. ಭಾನುವಾರ ಬಂದ ಉಮೇಶ ಕೂಸಿಗೆಂದು ತಂದಿದ್ದ ಕಾರ್ಟೂನ್ ಹಾಡುಗಳನ್ನೆಲ್ಲ ಅದೇ ಪೆನ್‌ಡ್ರೈವಿಗೆ ತುಂಬಿದ. ಆಮೇಲೆ ಕೇಳಿದ, “ಆಕಿ ಹಾಡು ಎಲ್ಲದ ಅತ್ತಿ?”

ಹನುಮಂತಮ್ಮನ ಕಣ್ಣಿಂದ ನೀರು ದಳದಳ ಇಳಿಯಿತು. ಅಳುತ್ತಲೇ ಯೆಸ್ ಒತ್ತಿದ್ದನ್ನು ಹೇಳಿದಳು.

ಮರುದಿನ ಇಬ್ಬರೂ ಪೆನ್‌ಡ್ರೈವು ಹಿಡಿದು, ಕೂಸನ್ನು ಎತ್ತಿಕೊಂಡು ದೇವದುರ್ಗಕ್ಕೆ ಹೋದರು. ಕಂಪ್ಯೂಟರ್ ರಿಪೇರಿಯ ಅಮೀರ್ ಸಾಬ್ ಬಹಳ ಹೊತ್ತು ಹುಡುಕಿ ಕನ್ನಡಕ ತೆಗೆದಿಟ್ಟ.

“ಅವತ್ತೇ ತಂದಿದ್ರ ತಗದು ಕೊಡ್ತಿದ್ದೆ. ಈಗ ಆ ಜಾಗಾದಾಗ ಹೊಸಾ ಹಾಡು ಕುಂತಾವ. ಬರಂಗಿಲ್ಲವ್ವಾ.”

“ಅದು ನನ್ನ ಏನು ಕೇಳಿತ್ರೀ?” ಎಂದಳು ಹನುಮಂತಮ್ಮ.

“ಪೂರಾ ಅಳಿಸಿಬಿಡ್ಲ್ಯಾ ಅಂತ ಕೇಳಿತ್ತು. ಕನ್ನಡದಾಗ ಕೇಳಂಗ ಮಾಡಾಕ ಬರ್ತದ. ನಿಮ್ಮ ಕಂಪ್ಯೂಟರಿನ್ಯಾಗ ಯಾರೂ ಮಾಡಿಲ್ಲ.”

ಬಸ್ ಸ್ಟ್ಯಾಂಡಿನಲ್ಲಿ ಉಮೇಶನಿಗೆ ತಡೆಯಲಾಗಲಿಲ್ಲ. “ತಿಳೀಲಿಲ್ಲಂದ್ರ ನೋ ಒತ್ತಬೇಕಿಲ್ಲೇನ್ರೀ ಅತ್ತಿ?”

“ದೀಪ ಹಚ್ಚಿದ ಹೊತ್ತಿನ್ಯಾಗ ಇಲ್ಲ ಅಂತ ಹೆಂಗ ಅನ್ಲಿ ಯಪ್ಪಾ? ಮನ್ಯಾಗ ಕೂಸದ.”

ಉಮೇಶನ ಸಿಟ್ಟು ಅಲ್ಲೇ ಕರಗಿಹೋಯಿತು. ಅವನು ಆ ಕಡೆ ತಿರುಗಿ ಮುಖ ಒರೆಸಿಕೊಂಡ.

ಆಮೇಲೆ ಸಂಜೆಯಾದರೆ ಕೂಸು ಪರದೆಯ ಕಡೆ ಕೈ ತೋರಿಸಿ “ಅವ್ವ, ಅವ್ವ” ಎಂದು ಹಟ ಹಿಡಿಯುತ್ತಿತ್ತು. ಕಾರ್ಟೂನ್ ಹಾಡು ಹಚ್ಚಿದರೆ ಇನ್ನೂ ಜೋರಾಗಿ ಅಳುತ್ತಿತ್ತು. ಹನುಮಂತಮ್ಮ ಕಂಪ್ಯೂಟರಿನ ಮೇಲೆ ಬಟ್ಟೆ ಮುಚ್ಚಿ, ಒಡಕು ಗಂಟಲಿನಲ್ಲಿ ತಾನೇ ಹಾಡತೊಡಗಿದಳು. ಮೊದಮೊದಲು ಕೂಸು ಅವಳ ಬಾಯಿ ಮುಚ್ಚಲು ಬರುತ್ತಿತ್ತು. ಬರಬರುತ್ತ ಸುಮ್ಮನೆ ಕೇಳತೊಡಗಿತು.

ಒಂದು ಸಂಜೆ ಅದು ಪರದೆಯ ಕಡೆ ನೋಡಲೇ ಇಲ್ಲ. ಅಜ್ಜಿಯ ಸೆರಗು ಹಿಡಿದು, ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ನಿದ್ದೆ ಹೋಯಿತು. ಹನುಮಂತಮ್ಮನಿಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಕೂಸು ಏಳದಿರಲೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ಅವಳು ಅತ್ತಳು. ಕೂಸು ತಾಯಿಯ ದನಿಯನ್ನು ಬೇಡುವುದನ್ನೇ ಬಿಟ್ಟಿತ್ತು.