ಅಗಲದ ಸ್ಕ್ರೀನು, ಚೌಕದ ಸ್ಕ್ರೀನು

ಚಿಕ್ಕಪ್ಪನ ಗೇಮಿಂಗ್ ಸೆಂಟರಿನಲ್ಲಿ ಅಗಲದ ಸ್ಕ್ರೀನು ಇದ್ದದ್ದು ಒಂದೇ. ಅದರ ಮುಂದೆ ಕೂರುತ್ತಿದ್ದವನೂ ಒಬ್ಬನೇ, ಚಿಕ್ಕಪ್ಪನ ಮಗ. ಮನೆಯಲ್ಲಿ ಅವನನ್ನು ಬಂಗಾರ ಎನ್ನುತ್ತಿದ್ದರು. ನಾವೂ ಹಾಗೇ ಕರೆಯುತ್ತಿದ್ದೆವು, ಹಲ್ಲು ಕಡಿದುಕೊಂಡು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಅಲ್ಲಿ ಕೀಬೋರ್ಡ್ ಒರೆಸುತ್ತಿದ್ದ ನನಗೆ ಮೂಲೆಯ ಹಳೇ ಚೌಕದ ಸ್ಕ್ರೀನು.

ನಾವು ಆಡುವ ಗುಂಡು ಹಾರಿಸುವ ಆಟದಲ್ಲಿ ಚೌಕದ ಸ್ಕ್ರೀನಿಗೆ ಎಡಬಲದ ಅಂಚು ಕತ್ತರಿಸಿಹೋಗುತ್ತದೆ. ಬಂಗಾರನಿಗೆ ಕಾಣುವ ಗೋಡೆಸಂದು ನನಗೆ ಕಾಣದು. ಹೋದ ಸಲ ಊರಿನ ಗೇಮಿಂಗ್ ಟೀಮಿನ ಆಯ್ಕೆಯಲ್ಲಿ ಆ ಸಂದುಗಳಿಂದಲೇ ಬಂದು ನನ್ನನ್ನು ಉರುಳಿಸಿದ. ಎಲ್ಲರೆದುರು ‘ಅರೆಗಣ್ಣ’ ಎಂದು ಹೆಸರಿಟ್ಟ. ಹೆಸರು ಅಂಟಿಕೊಂಡಿತು.

ಚಿಕ್ಕಪ್ಪನಿಗೆ ಹೇಳಿದೆ. ಟೇಪು ತಂದು ಎರಡನ್ನೂ ಮೂಲೆಯಿಂದ ಮೂಲೆಗೆ ಅಳೆದ.

“ಎರಡೂ ಹತ್ತೊಂಬತ್ತು ಇಂಚು. ಸ್ಕ್ರೀನಿನ ಚುಕ್ಕಿ, ಅದೇ ಪಿಕ್ಸೆಲ್ ಲೆಕ್ಕ ಹಾಕಿದ್ರೆ ನಿಂದ್ರಲ್ಲೇ ಒಂದು ಹಿಡಿ ಜಾಸ್ತಿ. ಇನ್ನೇನು ಬೇಕು ನಿಂಗೆ?”

“ಕಣ್ಣಿಗೆ ಡ್ರಾಪ್ಸ್ ಬೇಕು ಅಪ್ಪ ಅವನಿಗೆ,” ಎಂದ ಬಂಗಾರ. “ಆಡೋದು ಕೈ ಕಣೋ, ಸ್ಕ್ರೀನಲ್ಲ.”

ಆ ಮಾತನ್ನು ಮನಸ್ಸಿನಲ್ಲೇ ಮಡಚಿ ಇಟ್ಟುಕೊಂಡೆ.

ಈ ಸಲ ಟೀಮಿನ ಕ್ಯಾಪ್ಟನ್ ಬಂದಾಗ ಉಳಿದದ್ದು ಒಂದೇ ಜಾಗ. ಅದಕ್ಕೆ ಬಂಗಾರ, ನಾನು. ಕ್ಯಾಪ್ಟನ್ನನ ಮುಂದೆಯೇ ಬಂಗಾರನನ್ನು ಕೇಳಿದೆ: “ಆಡೋದು ಕೈ ಅಂದ್ಯಲ್ಲ, ಇವತ್ತು ಸೀಟು ಬದಲಾಯಿಸೋಣ್ವಾ?”

ಸುತ್ತ ನಿಂತವರು ಅವನ ಮುಖ ನೋಡಿದರು. ಅವನು ಅಗಲದ ಸ್ಕ್ರೀನು ಬಿಟ್ಟು ಎದ್ದ. ಹೋಗಿ ಚೌಕದ ಮುಂದೆ ಕೂತ.

ಅದರಲ್ಲಿ ಯಾವ ಅಂಚು ಕಾಣುವುದಿಲ್ಲ ಎಂಬುದು ನನಗೆ ಬಾಯಿಪಾಠ. ಎಷ್ಟು ಸಲ ಅಲ್ಲಿಂದ ಗುಂಡು ತಿಂದಿದ್ದೇನೆ. ಸರಿಯಾಗಿ ಅಲ್ಲೇ ಹೋಗಿ ನಿಂತೆ. ಅವನು ನೇರ ನೋಡುತ್ತ ಪಕ್ಕದಲ್ಲೇ ಹಾದುಹೋದ. ಆಗಲೇ ಹೊಡೆಯಬಹುದಿತ್ತು, ಹೊಡೆಯಲಿಲ್ಲ. ಹುಡುಕಲಿ, ಬೆವರಲಿ. ಆಮೇಲೆ ಹೊಡೆದೆ. ಆಟದಲ್ಲಿ ಮತ್ತೆ ಎದ್ದು ಬಂದ, ಮತ್ತೆ ಅದೇ ಅಂಚಿನಿಂದ ಹೊಡೆದೆ.

ಅವನು ಹೆಡ್‌ಫೋನ್ ಕಿತ್ತು ಮೇಜಿಗೆ ಎಸೆದ. “ಇದ್ರಲ್ಲಿ ಪಕ್ಕದ್ದೇನೂ ಕಾಣಲ್ಲ.”

“ಏನಂದೆ? ಕೇಳಿಸ್ಲಿಲ್ಲ,” ಎಂದೆ. “ಜೋರಾಗಿ ಹೇಳು.”

ಅವನು ಮೌಸ್ ದೂರ ತಳ್ಳಿದ. ಮತ್ತೆ ಹೇಳಬೇಕಾಗಿ ಇರಲಿಲ್ಲ, ಎಲ್ಲರೂ ನಗುತ್ತಿದ್ದರು.

“ಸಾಕು ಬಿಡ್ರೋ, ಅಣ್ಣತಮ್ಮಂದಿರು ನೀವು,” ಎಂದ ಚಿಕ್ಕಪ್ಪ. “ಅವರವರ ಸೀಟಲ್ಲಿ ಕೂತು ಇನ್ನೊಂದಾಟ ಆಡಿ.”

“ಬೇಡ ಸಾರ್, ಆಯ್ತು,” ಎಂದ ಕ್ಯಾಪ್ಟನ್. ನನ್ನ ಕಡೆ ತಿರುಗಿದ. “ನೀನೇ ಬಾ. ಇವನ್ನ ಎಕ್ಸ್‌ಟ್ರಾ ಆಗಿ ಇಟ್ಕೊಳ್ಳೋಣ್ವಾ? ನೀನು ಹೂಂ ಅಂದ್ರೆ.”

ಬಂಗಾರ ನನ್ನನ್ನು ನೋಡಿದ. ಹಾಗೆ ಅವನು ನನ್ನನ್ನು ಯಾವತ್ತೂ ನೋಡಿರಲಿಲ್ಲ.

“ಇಟ್ಕೊಳ್ಳಿ,” ಎಂದೆ. “ಪ್ರಾಕ್ಟೀಸ್ ಮಾತ್ರ ಆ ಮೂಲೇಲೇ. ನನ್ನ ಎದುರಿಗೆ, ದಿನಾ.”

ಅವನ ಮುಖ ಬಿಳಿಚಿತು. ನಾನು ಅಗಲದ ಸ್ಕ್ರೀನು ಬಿಟ್ಟು ಏಳಲಿಲ್ಲ. “ಹೆಡ್‌ಫೋನ್ ಹಾಕ್ಕೋ,” ಎಂದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ.