ಆರರಿಂದ ಆರೂವರೆ

ಪೇದೆ ಗುಂಡಯ್ಯ ಮೆಟ್ಟಿಲು ಹತ್ತಿ ಬಂದವನೇ ಟೋಪಿ ತೆಗೆದು ಒಂದನೇ ಕಂಪ್ಯೂಟರಿನ ಮೇಲಿಟ್ಟು, ಕತ್ತಿನ ಬೆವರು ಒರೆಸಿಕೊಳ್ಳುತ್ತಾ ಕೇಳಿದ. “ಅಯ್ನೋರೆ, ಜುಲೈ ಹತ್ತೊಂಬತ್ತನೇ ತಾರೀಕಿನ ರಿಜಿಸ್ಟ್ರು ಐತಾ, ಇಲ್ಲ ಎಲ್ಲಾನಾ ಕಳದೋಗೈತಾ?”

ಕಳೆದುಹೋಗುವ ಮಾತೇ ಧರಣೇಂದ್ರಯ್ಯನವರಿಗೆ ಅವಮಾನ. ಅವರು ಪುರಸಭೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಜನನ ಮರಣದ ಪುಸ್ತಕ ಬರೆದು ನಿವೃತ್ತರಾದವರು. ಹುಟ್ಟಿದ ಮಗುವಿಗೆ ಹೆಸರಿಡಲು ತಡಮಾಡಿದವರ ಮನೆಗೆ ತಾವೇ ಹೋಗಿ, ಜಗಲಿಯ ಮೇಲೆ ಕೂತು, ಹೆಸರು ಗೊತ್ತಾಗುವವರೆಗೂ ಏಳುತ್ತಿರಲಿಲ್ಲವೆಂದು ಊರಲ್ಲಿ ಈಗಲೂ ನಗುತ್ತಾರೆ. ಅವರ ಕಾಟ ತಡೆಯಲಾರದೆ ಬಾಯಿಗೆ ಬಂದ ಹೆಸರು ಹೇಳಿ, ಆಮೇಲೆ ಅದನ್ನೇ ಇಟ್ಟುಕೊಂಡವರೂ ಚನ್ನರಾಯಪಟ್ಟಣದಲ್ಲಿ ಇದ್ದಾರೆ. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾಗದೆ ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ಐದು ಕಂಪ್ಯೂಟರು ಹಾಕಿ ಬ್ರೌಸಿಂಗ್ ಸೆಂಟರ್ ತೆರೆದಿದ್ದರು.

“ಕಳೆದುಹೋಗೋದು ಅಂದ್ರೇನಪ್ಪ? ಮೊದಲನೇ ದಿನದಿಂದಲೂ ಇದೆ,” ಎಂದರು.

“ಅದೇ ಬಂದಿರೋದು ಕಷ್ಟ,” ಅಂದ ಗುಂಡಯ್ಯ.

ಎರಡು ವರ್ಷದ ಹಿಂದೆ, ಎರಡು ಸಾವಿರದ ಆರರಲ್ಲಿ, ಠಾಣೆಯಿಂದ ಎಲ್ಲ ಬ್ರೌಸಿಂಗ್ ಅಂಗಡಿಗಳಿಗೂ ಹೇಳಿಕಳಿಸಿದ್ದರು. ಬಂದವರ ಹೆಸರು, ವಿಳಾಸ, ಫೋನ್ ನಂಬರು, ಕೂತ ಕಂಪ್ಯೂಟರು, ಬಂದ ಹೊತ್ತು, ಹೋದ ಹೊತ್ತು ಎಲ್ಲ ಬರೆಸಿಕೊಳ್ಳಬೇಕು. ಮಧ್ಯೆ ಕಟ್ಟಿದ ಪ್ಲೈವುಡ್ ಕೀಳಬೇಕು. ಯಾರು ಏನು ನೋಡುತ್ತಾರೆಂಬುದು ಅಂಗಡಿಯವನಿಗೆ ಕಾಣುವ ಹಾಗೆ ಪರದೆಗಳನ್ನು ತಿರುಗಿಸಬೇಕು. ಬೇರೆ ಅಂಗಡಿಗಳವರು ಎರಡು ವಾರ ಬರೆಸಿ ಬಿಟ್ಟರು. ಧರಣೇಂದ್ರಯ್ಯನವರು ಮಾತ್ರ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪುಟಕ್ಕೆ ಪುಟ ನಂಬರು ಹಾಕಿ, ಮತ್ತೆ ಕೆಲಸಕ್ಕೆ ಸೇರಿದಷ್ಟು ಖುಷಿಪಟ್ಟರು.

ದಿನಕ್ಕೆ ಅರ್ಧ ಗಂಟೆ ಮಾತ್ರ ಅವರು ಅಂಗಡಿಯಲ್ಲಿ ಇರುತ್ತಿರಲಿಲ್ಲ. ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಒಂದಗುಳು ಬಾಯಿಗಿಡುವ ಹಾಗಿಲ್ಲ. ಆರಕ್ಕೆ ಸರಿಯಾಗಿ ಹಿಂದಿನ ಬೀದಿಯ ಮನೆಗೆ ಹೋಗಿ ಊಟ ಮುಗಿಸಿ ಆರೂವರೆಗೆ ಬರುತ್ತಿದ್ದರು. ಅಷ್ಟಕ್ಕೆ ಅಂಗಡಿ ಮುಚ್ಚುವುದೇಕೆಂದು ರಿಜಿಸ್ಟರನ್ನು ಮೇಜಿನ ಮೇಲೆ ಬಿಚ್ಚಿಟ್ಟು, ದಾರಕ್ಕೆ ಪೆನ್ನು ಕಟ್ಟಿ ಹೋಗುತ್ತಿದ್ದರು. ಬಂದವರು ತಾವೇ ಬರೆದು ತಾವೇ ಕೂರುತ್ತಿದ್ದರು. ಇಷ್ಟು ದಿನದಲ್ಲಿ ಒಂದು ಮೌಸ್ ಕೂಡ ಕಾಣೆಯಾಗಿರಲಿಲ್ಲ.

ಗುಂಡಯ್ಯ ಸ್ಟೂಲು ಎಳೆದುಕೊಂಡು ದನಿ ತಗ್ಗಿಸಿದ. “ಅದ್ಯಾವ್ದೋ ಬ್ಲಾಗು ಅಂತೆ. ಬೋರೆಕೊಪ್ಪಲು ಸ್ಕೂಲಿನ ಫೋಟೋ ಆಕವ್ರೆ. ತಾಲ್ಲೂಕಿನ ಮುಖಂಡ್ರು ಬಂದು ಟೇಪ್ ಕತ್ತರಿಸಿ ಆರು ತಿಂಗ್ಳಾಗಿಲ್ಲ, ಸೂರು ಉದುರಿ ಕಂಬಿ ಕಾಣ್ತೈತೆ. ಮಕ್ಳು ಆಚೆ ಕೂತವೆ. ಪಕ್ಕದಾಗೆ ಮುಖಂಡ್ರ ಹೆಸರಿನ ಕಲ್ಲು. ಅದ್ರ ಕೆಳಗೆ ಬರೆದವ್ರೆ, ‘ಈ ಕಲ್ಲೊಂದೇ ಗಟ್ಟಿಯಾಗಿದೆ’ ಅಂತ.”

ಧರಣೇಂದ್ರಯ್ಯನವರಿಗೆ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು.

“ಯಾರೋ ಅದನ್ನ ಪ್ರಿಂಟ್ ತೆಗೆದು ಹಂಚವ್ರೆ. ಮುಖಂಡ್ರು ಸಾಹೇಬ್ರ ತಾವ ಕುಣದಾಡ್ಬುಟ್ರು. ಬೆಂಗ್ಳೂರಿಂದ ಅದೇನೋ ನಂಬರ್ ತರಿಸಿ ನೋಡಿದ್ರೆ ನಿಮ್ಮ ಅಂಗ್ಡಿ. ಹತ್ತೊಂಬತ್ತನೇ ತಾರೀಕು, ಸಂಜೆ ಆರರಿಂದ ಆರೂವರೆ. ನಾಳೆ ಬೆಳಿಗ್ಗೆ ಸಾಹೇಬ್ರೇ ಬತ್ತಾರೆ.” ಗುಂಡಯ್ಯ ಮೆಟ್ಟಿಲ ಕಡೆ ಒಮ್ಮೆ ನೋಡಿ ಹೇಳಿದ. “ನನ್ನ ತಂಗಿ ಮಗ ಅದೇ ಸ್ಕೂಲಿಗೆ ಓಗೋದು ಅಯ್ನೋರೆ. ಆ ರಿಜಿಸ್ಟ್ರು ಇವತ್ತು ಸಂಜೆಗೇ ನೀರಿನ ಬಕೀಟಿಗೆ ಬಿದ್ದೋಯ್ತು ಅನ್ನಿ.”

“ಸುಳ್ಳು ಹೇಳೋಕಾಗಲ್ಲ ಗುಂಡಯ್ಯ. ನಮ್ಮಲ್ಲಿ ನಿಜ ಹೇಳೋದು ವ್ರತ.”

“ಸುಳ್ಯಾಕೆ ಯೋಳ್ತೀರಿ? ನಿಜವಾಗ್ಲೂ ಬಕೀಟಿಗೆ ಆಕ್ಬುಟ್ಟು ನಿಜ ಯೋಳಿ,” ಎಂದು ಟೋಪಿ ಹಾಕಿಕೊಂಡು ಇಳಿದುಹೋದ.

ಪುಟ ತೆರೆಯದೆಯೇ ಧರಣೇಂದ್ರಯ್ಯನವರಿಗೆ ಅದರಲ್ಲಿ ಏನಿದೆಯೆಂದು ಗೊತ್ತಿತ್ತು. ಆವತ್ತು ಊಟ ಮುಗಿಸಿ ಬರುವಾಗ ಬೋರೆಕೊಪ್ಪಲು ಶಾಲೆಯ ಹಂಸ ಮಿಸ್ಸು ಮೆಟ್ಟಿಲಿಳಿಯುತ್ತಿದ್ದರು. “ಆಯ್ತಾ ಮಿಸ್ ಕೆಲಸ?” ಅಂದಿದ್ದಕ್ಕೆ “ಆಯ್ತು ಸಾರ್” ಎಂದು ಕೊಡೆ ಬಿಚ್ಚಿಕೊಂಡು ಹೋಗಿದ್ದರು. ಮೇಲೆ ಬಂದು ನೋಡಿದರೆ ಮೂರನೇ ಕಂಪ್ಯೂಟರು ಚಾಲೂ ಇದೆ, ಕುರ್ಚಿ ಹಿಂದಕ್ಕೆ ಸರಿದಿದೆ, ರಿಜಿಸ್ಟರಿನಲ್ಲಿ ಮಾತ್ರ ಆ ಹೊತ್ತಿನ ಸಾಲು ಖಾಲಿ. ಪಾಪ, ಅವಸರದಲ್ಲಿ ಮರೆತರೇನೋ ಅಂದುಕೊಂಡು ಅವರೇ ಹೆಸರು, ಶಾಲೆ, ಬೀದಿ ಎಲ್ಲ ತುಂಬಿದರು. ಫೋನ್ ನಂಬರು ನೆನಪಿರಲಿಲ್ಲ. ಹಳೆಯ ಪುಟ ತಿರುವಿ ಹುಡುಕಿ ಅದನ್ನೂ ಬರೆದರು.

ಗುಂಡಯ್ಯ ಬಂದುಹೋದ ಸಂಜೆ ಊಟಕ್ಕೆ ಕೂತಾಗ ಹೆಂಡತಿ ಚಕ್ರೇಶ್ವರಿಗೆ ಎಲ್ಲ ಹೇಳಿದರು. ಆಕೆ ಬಡಿಸುತ್ತಿದ್ದ ಸೌಟು ಹಿಡಿದೇ ಕೇಳಿಸಿಕೊಂಡರು.

“ಅವರು ಬರೀದೆ ಹೋಗಿದ್ರೆ ನೀವ್ಯಾಕ್ರೀ ಬರೆದ್ರಿ?”

“ಖಾಲಿ ಇತ್ತು ಕಣೇ.”

“ಖಾಲಿ ಇದ್ದಿದ್ರೆ ಏನಾಗ್ತಿತ್ತು?”

ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಅನ್ನ ಕಲಸುತ್ತಾ ಕೂತರು.

“ನಾಳೆ ಅವರು ಕೇಳಿದ್ರೆ, ಆ ಹೊತ್ತಲ್ಲಿ ನಾನು ಮನೇಲಿ ಉಣ್ತಿದ್ದೆ ಅನ್ನಿ. ನಿಜ ತಾನೆ? ನಾನೇ ಬಡಿಸಿದ್ದು,” ಎಂದರು ಚಕ್ರೇಶ್ವರಿ.

ಮರುದಿನ ಹತ್ತು ಗಂಟೆಗೆ ಸಬ್ ಇನ್ಸ್‌ಪೆಕ್ಟರು ಬಂದರು. ವಯಸ್ಸು ಮೂವತ್ತು ದಾಟಿರಲಿಕ್ಕಿಲ್ಲ. ಗದರಲಿಲ್ಲ, ಕೂಗಲಿಲ್ಲ, ಬೂಟು ಒರೆಸಿಕೊಂಡೇ ಒಳಗೆ ಬಂದರು. ಧರಣೇಂದ್ರಯ್ಯನವರು ಧೈರ್ಯ ಮಾಡಿ, “ಸಾ, ರಿಜಿಸ್ಟರ್ ಕೊಡಿ ಅಂತ ಕಾಗದ ಏನಾದ್ರೂ…” ಎಂದರು.

“ಕಾಗದ ಬೇಕಾ ಯಜಮಾನ್ರೇ? ಬರೆಸ್ತೀನಿ. ಅದರ ಜೊತೇಲೇ ನಿಮ್ಮ ಅಂಗಡಿ ಲೈಸೆನ್ಸಿಂದೂ ಒಂದು ಕಾಗದ ಬರುತ್ತೆ. ಎರಡೂ ಒಟ್ಟಿಗೆ ಕಳಿಸ್ಲಾ?”

ಅಲ್ಲಿಗೆ ಮಾತು ಮುಗಿಯಿತು. ರಿಜಿಸ್ಟರು ಮೇಜಿನ ಮೇಲೆ ಬಂತು. ಇನ್ಸ್‌ಪೆಕ್ಟರು ಪುಟ ತಿರುವುತ್ತಾ ಹೋದಂತೆ ಅವರ ಮುಖದಲ್ಲಿ ಗೌರವವೇ ಮೂಡಿತು. ಇಂಥ ಪುಸ್ತಕವನ್ನು ಇಡೀ ಜಿಲ್ಲೆಯಲ್ಲಿ ನೋಡಿಲ್ಲವೆಂದರು. ಧರಣೇಂದ್ರಯ್ಯನವರಿಗೆ, ಹೇಳಲು ನಾಚಿಕೆಯಾಗಬೇಕು, ಒಂದು ಗಳಿಗೆ ಹಿತವಾಯಿತು. ಅಷ್ಟರಲ್ಲಿ ಇನ್ಸ್‌ಪೆಕ್ಟರ ಬೆರಳು ಆ ಸಾಲಿನ ಮೇಲೆ ನಿಂತಿತು.

“ಹಂಸ, ಸಹಶಿಕ್ಷಕಿ. ಆರರಿಂದ ಆರೂವರೆ ಈಕೇನೇ ಈ ಕಂಪ್ಯೂಟರಲ್ಲಿ ಕೂತಿದ್ದು. ನೀವು ನೋಡಿದ್ದೀರಿ ತಾನೆ?”

ಗುಂಡಯ್ಯ ಬಾಗಿಲ ಹತ್ತಿರ ನಿಂತು ಕಿಟಕಿಯಾಚೆ ನೋಡುತ್ತಿದ್ದ. ಉಣ್ಣುತ್ತಿದ್ದೆ ಎಂಬ ಒಂದು ಮಾತು ಧರಣೇಂದ್ರಯ್ಯನವರ ನಾಲಗೆಯ ತುದಿಯಲ್ಲಿತ್ತು. ಅದನ್ನು ಹೇಳಿದರೆ ಮುಂದಿನ ಪ್ರಶ್ನೆ ಬರುತ್ತಿತ್ತು: ಹಾಗಾದರೆ ಇದನ್ನು ಬರೆದದ್ದು ಯಾವಾಗ, ಬೇರೆ ಸಾಲುಗಳನ್ನೂ ಹೀಗೇ ಬರೆದಿರಾ, ಯಜಮಾನನಿಲ್ಲದೆ ಅಂಗಡಿ ತೆರೆದಿಡುತ್ತೀರಾ?

“ನೋಡಿದ್ದೀನಿ ಸಾ,” ಅಂದರು.

ಬಕೆಟ್ಟಿಗೆ ಹಾಕಲು ಒಪ್ಪದ ಮನುಷ್ಯ ಹೇಳಿದ ಸುಳ್ಳು ಇದು. ಹೇಳಿದ ಮೇಲೂ ಬೆಳಕು ಹಾಗೇ ಇತ್ತು, ಫ್ಯಾನು ತಿರುಗುತ್ತಿತ್ತು. ಇನ್ಸ್‌ಪೆಕ್ಟರು ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು. ತೆಗೆದುಕೊಂಡುಹೋದದ್ದಕ್ಕೆ ಒಂದು ಚೀಟಿಯೂ ಇಲ್ಲ. ಆ ಪುಸ್ತಕದಲ್ಲಿ ಹಂಸ ಒಬ್ಬರೇ ಇರಲಿಲ್ಲ. ಕೆಲಸಕ್ಕೆ ಅರ್ಜಿ ಹಾಕಿದವರು, ಫಲಿತಾಂಶ ನೋಡಿದವರು, ಯಾರಿಗೂ ಹೇಳದೆ ಯಾರಿಗೋ ಪತ್ರ ಬರೆದವರು, ಎರಡು ವರ್ಷದ ಊರೇ ಇತ್ತು.

ಹದಿನೈದು ದಿನದೊಳಗೆ ಹಂಸ ಅಮಾನತಾದರು. ಸರ್ಕಾರಿ ನೌಕರಿಯಲ್ಲಿದ್ದು ಸರ್ಕಾರಕ್ಕೆ ಕೆಟ್ಟ ಹೆಸರು ತಂದರೆಂದು ಆರೋಪ. ಸೂರಿನ ವಿಚಾರ ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಇತ್ತ ಧರಣೇಂದ್ರಯ್ಯನವರ ಅಂಗಡಿಗೆ ಬೇರೆ ಅಂಗಡಿಗಳವರು ಬರತೊಡಗಿದರು. ರಿಜಿಸ್ಟರ್ ಹೇಗಿಡಬೇಕೆಂದು ಅಲ್ಲಿ ಹೋಗಿ ಕಲಿಯಿರಿ ಎಂದು ಠಾಣೆಯಲ್ಲಿ ಹೇಳಿದ್ದರಂತೆ. ಧರಣೇಂದ್ರಯ್ಯನವರು ಬಂದವರಿಗೆ ಹೊಸ ರಿಜಿಸ್ಟರು ತೋರಿಸಿ, ಬೇಗ ಬೇಗ ಹೇಳಿ ಕಳಿಸುತ್ತಿದ್ದರು.

ಭಾದ್ರಪದದಲ್ಲಿ ಹತ್ತು ದಿನದ ಪರ್ವ ಮುಗಿದು ಕ್ಷಮಾವಣಿ ಬಂತು. ವರ್ಷದಲ್ಲಿ ಆದ ತಪ್ಪಿಗೆ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ. ಧರಣೇಂದ್ರಯ್ಯನವರು ಬಸದಿಯಲ್ಲಿ ಕೈಮುಗಿದರು, ನೆಂಟರ ಮನೆಗಳಿಗೆ ಹೋಗಿ ಕೈಮುಗಿದರು, ಎದುರು ಮನೆಯ ರೇವಮ್ಮನಿಗೂ ಕೈಮುಗಿದು ಬಂದು ಕೂತರು.

“ಊರೆಲ್ಲ ಸುತ್ತಿ ಬಂದ್ರಿ. ಯಾರನ್ನ ಕೇಳ್ಬೇಕೋ ಅವರೊಬ್ಬರನ್ನ ಬಿಟ್ಟು,” ಎಂದರು ಚಕ್ರೇಶ್ವರಿ.

ಹಂಸ ಬಾಗಿಲು ತೆರೆದು, ಕೂತುಕೊಳ್ಳಿ ಎಂದು ಚಾಪೆ ಹಾಸಿದರು. ಒಳಗೆ ಯಾರದೋ ಮಕ್ಕಳು ಮಗ್ಗಿ ಹೇಳುತ್ತಿದ್ದವು. ಮನೆಪಾಠ ಶುರುಮಾಡಿದ್ದರು. ಧರಣೇಂದ್ರಯ್ಯನವರು ಕೂರದೆ, ನಿಂತೇ ಕೈಮುಗಿದರು.

“ಮಿಸ್, ತಿಳಿದೋ ತಿಳಿಯದೆಯೋ ನನ್ನಿಂದ ತಪ್ಪಾಗಿದ್ರೆ ಕ್ಷಮಿಸಬೇಕು.”

“ತಿಳಿದೋ, ತಿಳಿಯದೆಯೋ ಸಾರ್? ಅದನ್ನ ಹೇಳಿ.”

ಅದು ಎಲ್ಲರೂ ಹೇಳುವ ಮಾತು. ಬಿಡಿಸಿ ಹೇಳು ಎಂದು ಯಾರೂ ಕೇಳುವುದಿಲ್ಲ. ಅವರು ಮುಗಿದ ಕೈ ಇಳಿಸಿ, “ಬರೆಯೋವಾಗ ತಿಳಿದಿರಲಿಲ್ಲ. ತೋರಿಸೋವಾಗ ತಿಳಿದಿತ್ತು,” ಎಂದರು.

“ನಾನು ಮರೆತು ಹೋಗಿದ್ದಲ್ಲ,” ಎಂದರು ಹಂಸ. ದನಿಯಲ್ಲಿ ಸಿಟ್ಟಿರಲಿಲ್ಲ. “ಎರಡು ದಿನ ಬಂದು ವಾಪಸ್ ಹೋಗಿದ್ದೆ. ನೀವು ಊಟಕ್ಕೆ ಹೋಗೋ ಹೊತ್ತು ನೋಡ್ಕೊಂಡೇ ಆವತ್ತು ಬಂದೆ. ನಿಮಗೆ ತೊಂದರೆ ಆಗ್ಬಾರ್ದು, ನೀವು ನೋಡಿರಬಾರದು ಅಂತ. ನಾನು ಕೂತಿದ್ದನ್ನ ನೀವು ನೋಡಿದ್ರಾ?”

“ಇಲ್ಲ. ಮೆಟ್ಟಿಲ ಮೇಲೆ ನೋಡಿದ್ದಷ್ಟೇ.”

“ಹಾಗಾದ್ರೆ ಅಷ್ಟನ್ನೇ ಹೇಳಿ. ಹದಿನೆಂಟನೇ ತಾರೀಕು ಹಾಸನದಲ್ಲಿ ವಿಚಾರಣೆ. ನನ್ನ ವಿರುದ್ಧ ಇರೋದು ಆ ಒಂದು ಸಾಲು, ನಿಮ್ಮ ಒಂದು ಮಾತು. ಬೇರೇನೂ ಇಲ್ಲ. ಸಾಲು ಆಮೇಲೆ ಬರೆದಿದ್ದು, ನಾನು ನೋಡಿಲ್ಲ ಅಂತ ನೀವು ಬಂದು ಹೇಳಿದ್ರೆ ನನ್ನ ಕೆಲಸ ಉಳಿಯುತ್ತೆ. ಬರ್ತೀರಾ?”

ಮಗ್ಗಿ ನಿಂತಿತ್ತು. ಮಕ್ಕಳು ಬಾಗಿಲಿಂದ ಇಣುಕುತ್ತಿದ್ದವು.

“ಬರ್ತೀನಿ ತಾಯಿ,” ಎಂದರು ಧರಣೇಂದ್ರಯ್ಯನವರು. ಆಗ ಅವರ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಅದು ನಿಜ.

“ಒಂಬತ್ತೂವರೆ ಬಸ್ಸಿಗೆ ನಿಮಗೂ ಸೀಟು ಹಿಡಿದಿರ್ತೀನಿ,” ಎಂದರು ಹಂಸ.

ಹದಿನೇಳನೇ ತಾರೀಕು ಗುಂಡಯ್ಯ ಬಂದ. ಈ ಸಲ ಟೋಪಿ ತೆಗೆಯಲಿಲ್ಲ. “ಸಾಕ್ಷಿ ಗೀಕ್ಷಿ ಅಂತ ಓಗ್ಬ್ಯಾಡಿ ಅಯ್ನೋರೆ. ಯಾರೋ ಸಾಹೇಬ್ರ ಕಿವೀಗೆ ಆಕವ್ರೆ. ಆಮ್ಯಾಕೆ ಬರೆದಿದ್ದು ಅಂದ್ರೆ ಸುಳ್ಳು ದಾಖ್ಲೆ ಅಂತ ಕೇಸು ನಿಮ್ಮ ಮ್ಯಾಲೇ ಬತ್ತದೆ. ಅಂಗ್ಡಿ ಸೀಲು, ನಿಮ್ಮ ಪೆನ್ಸನ್ನಿಗೂ ಬರೀತಾರಂತೆ. ನಿಮ್ಮ ಒಳ್ಳೇದಕ್ಕೇ ಯೋಳ್ತಿವ್ನಿ.”

ಅವನು ನಿಜವಾಗಿಯೂ ಒಳ್ಳೆಯದಕ್ಕೇ ಹೇಳಿದ್ದ.

ಬೆಳಿಗ್ಗೆ ಧರಣೇಂದ್ರಯ್ಯನವರು ಒಗೆದ ಪಂಚೆ ಉಟ್ಟು, ಶಲ್ಯ ಹೊದ್ದು ಮನೆ ಬಿಟ್ಟರು. ಚಕ್ರೇಶ್ವರಿ ಬಾಗಿಲವರೆಗೂ ಬಂದು ಕಳಿಸಿದರು. ಬಸ್ ನಿಲ್ದಾಣದ ಹತ್ತಿರ ಬಂದವರು ರಸ್ತೆ ದಾಟದೆ, ಅಂಗಡಿಯ ಮೆಟ್ಟಿಲು ಹತ್ತಿ ಬೀಗ ತೆಗೆದು ಒಳಗೆ ಹೋಗಿ ಕಿಟಕಿಯ ಬಳಿ ನಿಂತರು.

ಹಾಸನದ ಬಸ್ಸು ಕೆಳಗೇ ನಿಂತಿತ್ತು. ಮುಂದಿನಿಂದ ನಾಲ್ಕನೇ ಕಿಟಕಿಯಲ್ಲಿ ಹಂಸ ಕೂತಿದ್ದರು. ಪಕ್ಕದ ಸೀಟಿನ ಮೇಲೆ ಅವರ ಕೈಚೀಲ. ಒಬ್ಬ ಹೆಂಗಸು ಬಂದು ಅದನ್ನು ತೋರಿಸಿ ಏನೋ ಕೇಳಿದಳು, ಅವರು ತಲೆಯಾಡಿಸಿದರು. ಇನ್ನೊಬ್ಬಾತ ಬಂದ, ಅವನಿಗೂ ತಲೆಯಾಡಿಸಿದರು. ಕಂಡಕ್ಟರು ಬಂದಾಗ ರಸ್ತೆಯ ಕಡೆ ಕೈ ತೋರಿಸಿ ಏನೋ ಹೇಳಿದರು. ಅವನು ಗಡಿಯಾರ ನೋಡಿಕೊಂಡು, ಸ್ವಲ್ಪ ಹೊತ್ತು ಫುಟ್‌ಬೋರ್ಡಿನ ಮೇಲೆ ನಿಂತಿದ್ದು, ಸೀಟಿ ಊದಿದ.

ಬಸ್ಸು ಹಿಂದಕ್ಕೆ ಸರಿದು ತಿರುಗಿತು. ಹಂಸ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಕಂಬಿ ಹಿಡಿದು ನಿಂತಿದ್ದ ಹೆಂಗಸು ಸೆರಗು ಸರಿಮಾಡಿಕೊಂಡು ಅಲ್ಲಿ ಕೂತಳು.